3.3 ಲಕ್ಷ ಕಿ.ಮೀ. ಓಡಿದ ನಮ್ಮ ಬೊಲೆರೊ ಪಿಕಪ್: ಬಾಕಿ ಕೆಲಸ ಮಾಡಿಸಿ 16 ತಿಂಗಳಾದ ಮೇಲೆ

ಗಾಡಿ 2016ರದ್ದು, ಊರು ಕೊಪ್ಪಳ ಜಿಲ್ಲೆಯ ಕಾರಟಗಿ. ಎಂಟು ವರ್ಷ ಅಪ್ಪನೇ ಓಡಿಸಿದರು. ಭತ್ತದ ಚೀಲ, ಗೊಬ್ಬರ, ಬಳ್ಳಾರಿಯ ಜೀನ್ಸ್ ಗಂಟು, ಮದುವೆ ಸಾಮಾನು, ಏನು ಸಿಕ್ಕರೂ ಹೇರಿದ್ದಾರೆ. ಅವರಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಚಾವಿ ನನಗೆ ಬಂತು. ಆಗ ಮೀಟರ್‌ನಲ್ಲಿ 2,86,000 ಇತ್ತು. ಈಗ 3,31,000.

ಸರ್ವಿಸ್ ಬಾಕಿ ಬಿದ್ದದ್ದು ಅಪ್ಪನ ಅಸಡ್ಡೆಯಿಂದಲ್ಲ, ಗಾಡಿಯ ತಪ್ಪಂತೂ ಅಲ್ಲವೇ ಅಲ್ಲ. 2023ರಲ್ಲಿ ಬರ ಬಿತ್ತು. ಎರಡನೇ ಬೆಳೆಗೆ ಕಾಲುವೆ ನೀರು ಸಿಗಲಿಲ್ಲ. ನಮ್ಮ ಕಡೆ ಭತ್ತ ಇಲ್ಲ ಅಂದರೆ ಬಾಡಿಗೆಯೂ ಇಲ್ಲ. ಎಂಜಿನ್ ಆಯಿಲ್ ಒಂದನ್ನು ಹೊತ್ತಿಗೆ ಸರಿಯಾಗಿ ಹಾಕಿಸುತ್ತಿದ್ದರು. ಮಿಕ್ಕಿದ್ದೆಲ್ಲ ಮುಂದಿನ ಸುಗ್ಗಿಗೆ ನೋಡೋಣ ಅಂತ ಉಳಿಯುತ್ತಾ ಹೋಯಿತು. ಅಷ್ಟರಲ್ಲಿ ಎಂಟು ವರ್ಷ ತುಂಬಿತು. ಬಾಡಿಗೆ ಗಾಡಿಗೆ ಅಲ್ಲಿವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ. ಇನ್ನು ಮುಂದೂಡುವ ಹಾಗೇ ಇರಲಿಲ್ಲ.

ಒಂದು ಸಂಜೆ ನೋಟ್‌ಬುಕ್ ಹಿಡಿದು ಅಪ್ಪನ ಪಕ್ಕ ಕೂತೆ. ಗೇರ್ ಆಯಿಲ್ ಯಾವಾಗ? ಹೌಸಿಂಗ್ (ಹಿಂದಿನ ಆಕ್ಸಲ್‌ನ ಗೂಡು) ಆಯಿಲ್? ಬ್ರೇಕ್ ಆಯಿಲ್? ಕೂಲೆಂಟ್? ಒಂದೊಂದೇ ಕೇಳಿದೆ. ಹೆಚ್ಚಿನವಕ್ಕೆ ‘ನೆನಪಿಲ್ಲಪ್ಪ’ ಅನ್ನುವುದೇ ಉತ್ತರ. ನೆನಪಿಲ್ಲದ್ದನ್ನೆಲ್ಲ ಬಾಕಿ ಅಂತಲೇ ಬರೆದುಕೊಂಡೆ. ಹಳೇ ಗಾಡಿ ಇಟ್ಟುಕೊಂಡವರು ಹೀಗೇ ಮಾಡಿ, ಊಹೆ ಮೇಲೆ ಬಿಡಬೇಡಿ.

ಮೊದಲು ಹಿಡಿದದ್ದು ಬ್ರೇಕ್. ಲೋಡ್ ಇದ್ದಾಗ ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಹಿಂದಿನ ಬಲಗಡೆ ಡ್ರಮ್ ಬಿಚ್ಚಿದರೆ, ಉಜ್ಜಿ ಬ್ರೇಕ್ ಹಿಡಿಯುವ ಲೈನರ್ ಪೂರಾ ಎಣ್ಣೆಯಲ್ಲಿ ನೆನೆದು ಕಪ್ಪಗೆ ಮಿಂಚುತ್ತಿತ್ತು. ಎಣ್ಣೆ ಹೊರಬರದಂತೆ ತಡೆಯುವ ಅದೇ ಜಾಗದ ಆಯಿಲ್ ಸೀಲನ್ನು ಎರಡು ವರ್ಷದಲ್ಲಿ ಎರಡು ಸಲ ಹಾಕಿಸಿದ್ದೆವು! ನಮ್ಮ ಮೆಕ್ಯಾನಿಕ್ ಚಾಚಾ ಹೊಸ ಸೀಲ್ ಕೈಗೆ ತೆಗೆದುಕೊಳ್ಳಲೇ ಇಲ್ಲ. ಗಾಡಿ ಕೆಳಗೆ ಮಲಗಿ, ಹೌಸಿಂಗ್ ಮೇಲೆ ಒಣಗಿ ಕೂತಿದ್ದ ಎರೆ ಮಣ್ಣಿನ ಹೆಂಟೆಯನ್ನು ಸ್ಕ್ರೂಡ್ರೈವರ್‌ನಿಂದ ಕೆರೆದು ತೆಗೆದರು. ಬೆಲ್ಲದ ಅಚ್ಚಿನಷ್ಟು ಗಟ್ಟಿ. ಅದರ ಕೆಳಗೆ ಬೆರಳ ತುದಿಯಷ್ಟು ಒಂದು ಮುಚ್ಚಳ.

‘ಇದು ಬ್ರೀದರ್, ತಮ್ಮಾ. ಹೌಸಿಂಗ್ ಉಸಿರಾಡೋ ಜಾಗ. ಇದು ಮುಚ್ಚಿತ್ತಂದ್ರ ಎಷ್ಟ್ ಸೀಲ್ ಹಾಕಿದ್ರೂ ನಿಲ್ಲಂಗಿಲ್ಲ.’

ಗಾಡಿ ಓಡಿದಂತೆ ಒಳಗಿನ ಎಣ್ಣೆ ಕಾಯುತ್ತದೆ, ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಸೀಲ್ ಸಂದಿಯಿಂದಲೇ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ಕಾದ ಹೌಸಿಂಗ್ ಹಳ್ಳದ ತಣ್ಣನೆ ನೀರಿಗೆ ಇಳಿದರೆ ಉಲ್ಟಾ, ಅದೇ ಸಂದಿಯಿಂದ ನೀರನ್ನು ಒಳಕ್ಕೆ ಎಳೆಯುತ್ತದೆ. ಸುಗ್ಗಿಯಲ್ಲಿ ಗದ್ದೆ ದಾರಿಗೆ ಇಳಿಯುವ ನಮ್ಮಂಥವರಿಗೆ ಎರಡೂ ಆಗುವಂಥದ್ದೇ. ಇಳಿಸಿದ ಎಣ್ಣೆ ಹಾಲು ಹಾಕಿದ ಚಹಾ ಥರ ಬಂತು. ನನ್ನ ಎದೆ ಧಸಕ್ ಎಂದಿತು. ಚಾಚಾ ಡ್ರೈನ್ ಬೋಲ್ಟ್‌ನ ಮ್ಯಾಗ್ನೆಟ್‌ಗೆ ಅಂಟಿದ್ದ ಬೂದು ಬಣ್ಣದ ಪೇಸ್ಟನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿದರು. ಬರೀ ನುಣ್ಣನೆ ಪುಡಿ, ಚೂರುಗಳಿಲ್ಲ. ‘ಗೇರ್ ಹಲ್ಲು ಚಲೋ ಅದಾವ’ ಅಂದರು. ಆ ಮಾತು ಕೇಳಿದಾಗ ಆದ ಸಮಾಧಾನ ಇನ್ನೂ ನೆನಪಿದೆ.

ಇನ್ನೊಂದು ಅವರಿಂದಲೇ ಕಲಿತೆ. ಎಣ್ಣೆ ಇಳಿಸುವ ಮೊದಲು ಮೇಲಿನ, ಅಂದರೆ ಎಣ್ಣೆ ತುಂಬುವ ಬೋಲ್ಟ್ ಬಿಚ್ಚಿಕೊಳ್ಳಬೇಕು. ವರ್ಷಗಟ್ಟಲೆ ಮುಟ್ಟದ ಬೋಲ್ಟ್ ಜಾಮ್ ಆಗಿರುತ್ತದೆ. ಕೆಳಗಿಂದ ಎಲ್ಲ ಇಳಿಸಿದ ಮೇಲೆ ಮೇಲಿನದು ಬಿಚ್ಚದಿದ್ದರೆ ಹೊಸ ಎಣ್ಣೆ ತುಂಬಲಾಗದೆ ಗಾಡಿ ಅಲ್ಲೇ ನಿಲ್ಲುತ್ತದೆ. ನಮ್ಮದಕ್ಕೆ ಅರ್ಧ ಗಂಟೆ ಬೇಕಾಯಿತು.

ಬ್ರೇಕ್‌ನದೇ ಇನ್ನೊಂದು ವಿಷಯ. ಹಿಂದಿನ ಹೌಸಿಂಗ್‌ಗೂ ಚಾಸಿಗೂ (ಗಾಡಿಯ ಕೆಳಗಿನ ಚೌಕಟ್ಟು) ನಡುವೆ ಒಂದು ವಾಲ್ವ್ ಕಡ್ಡಿ ಇದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದರೆ ಆ ವಾಲ್ವ್ ಹಿಂದಿನ ಬ್ರೇಕ್‌ಗೆ ಒತ್ತಡ ಜಾಸ್ತಿ ಕೊಡುತ್ತದೆ. ನಾವು ಹಿಂದಿನ ಸ್ಪ್ರಿಂಗ್‌ಗಳಿಗೆ ಒಂದೊಂದು ಪ್ಲೇಟ್ ಹೆಚ್ಚಿಗೆ ಹಾಕಿಸಿದ್ದೆವು. ಸ್ಪ್ರಿಂಗ್ ಗಟ್ಟಿಯಾಗಿ ಗಾಡಿ ಕೂರುತ್ತಲೇ ಇರಲಿಲ್ಲ. ಭರ್ತಿ ಲೋಡ್ ಇದ್ದರೂ ವಾಲ್ವ್‌ಗೆ ಅದು ಖಾಲಿ ಗಾಡಿ. ನಮ್ಮ ಕಡೆ ಪ್ಲೇಟ್ ಹಾಕಿಸದ ಪಿಕಪ್ ಕಡಿಮೆ, ಆದರೆ ಈ ಮಾತು ಹೇಳುವವರು ಇನ್ನೂ ಕಡಿಮೆ. ದಯವಿಟ್ಟು ಒಮ್ಮೆ ಬಗ್ಗಿ ನೋಡಿ. ನಾವು ಆ ಪ್ಲೇಟ್ ತೆಗೆಸಿ, ಜಾಮ್ ಆಗಿದ್ದ ಕಡ್ಡಿ ಬಿಡಿಸಿ ಸೆಟ್ ಮಾಡಿಸಿದೆವು. ಈಗ 75 ಕೆಜಿಯ 16 ಚೀಲದ ಮೇಲೆ ನಾನು ಹೇರುವುದಿಲ್ಲ. ಒಂದಿಬ್ಬರು ಗಿರಾಕಿ ಬೇರೆ ಗಾಡಿ ಹುಡುಕಿಕೊಂಡರು, ಹೋಗಲಿ.

ರೇಡಿಯೇಟರ್‌ಗೆ ಇಷ್ಟು ವರ್ಷ ಬೋರ್ ನೀರೇ ಹೋಗಿತ್ತು. ಕೊಳವೆಯಲ್ಲಿ ಬಿಳಿ ಉಪ್ಪು ಕಟ್ಟಿತ್ತು, ಜಾಲರಿ ತುಂಬ ಭತ್ತದ ಹೊಟ್ಟು. ಬಿಚ್ಚಿ ತೊಳೆಸಿ, ಹೋಸ್, ಮುಚ್ಚಳ, ಬೆಲ್ಟ್ ಬದಲಿಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಹಾಕಿಸಿದೆ. ಮುಚ್ಚಳವನ್ನು ಸಣ್ಣದು ಅಂತ ಬಿಡಬೇಡಿ. ಅದು ಒಳಗೆ ಒತ್ತಡ ಹಿಡಿದರೇನೇ ನೀರು ಬೇಗ ಕುದಿಯದೆ ಇರುವುದು. ಈ ಮೇ ತಿಂಗಳ ಉರಿಬಿಸಿಲಲ್ಲಿ ಲೋಡ್ ಹೊತ್ತು ಸಿರುಗುಪ್ಪ ದಾರಿಯಲ್ಲಿ ಬಳ್ಳಾರಿಗೆ ಎಷ್ಟೋ ಸಲ ಹೋಗಿದ್ದೇನೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಿಲ್ಲ.

ಗೇರ್ ಆಯಿಲ್, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಗೇರ್‌ಬಾಕ್ಸ್‌ನಿಂದ ಹಿಂದಿನ ಹೌಸಿಂಗ್‌ಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಕೀಲು) ಎರಡು, ಎಲ್ಲ ಕಡೆ ಗ್ರೀಸ್. ಇವು ಸುಲಭವಾಗಿ ಮುಗಿದವು. ಮುಂದಿನ ಟೈರ್‌ಗಳು ಇನ್ನೂ ಪೂರ್ತಿ ಸವೆದಿರಲಿಲ್ಲ, ಆದರೆ ಪಕ್ಕದಲ್ಲಿ 3217 ಅಂತ ಅಚ್ಚಿತ್ತು. ಅಂದರೆ 2017ರ 32ನೇ ವಾರದ್ದು. ಬದಿಯಲ್ಲಿ ಬಿರುಕೂ ಇತ್ತು. ತೆಗೆಸಿಬಿಟ್ಟೆ.

ಟೈರ್ ಬಿಟ್ಟು ಒಟ್ಟು 47,300 ರೂಪಾಯಿ ಆಯಿತು. ಒಂದೇ ಸಲಕ್ಕಲ್ಲ, ಮೂರು ಕಂತಿನಲ್ಲಿ, ಎರಡು ತಿಂಗಳಲ್ಲಿ. ಮೊದಲ ಕಂತು ಪೂರ್ತಿ ಬ್ರೇಕ್‌ಗೆ. ಆಮೇಲೆ 45,000 ಕಿ.ಮೀ. ಓಡಿದೆ, ಒಮ್ಮೆಯೂ ದಾರಿಯಲ್ಲಿ ನಿಂತಿಲ್ಲ. ಮೈಲೇಜ್ ಹತ್ತೂವರೆ ಇದ್ದದ್ದು ಹನ್ನೆರಡಕ್ಕೆ ಬಂದಿದೆ. ಎರಡು ಎಫ್‌ಸಿ ಆದವು. ಆ ಸೀಲ್ ಹತ್ತಿರ ಇವತ್ತಿಗೂ ಎಣ್ಣೆ ಸೋರಿಲ್ಲ. ಪ್ರತಿ ಅಮಾವಾಸ್ಯೆ ಗಾಡಿ ತೊಳೆದು ಪೂಜೆ ಮಾಡುವ ಮುಂಚೆ ‘ಬ್ರೀದರ್ ನೋಡಿದ್ಯಾ?’ ಅಂತ ಅಪ್ಪ ಕೇಳುತ್ತಾರೆ. ನೋಡಿರುತ್ತೇನೆ.

ಹೊಸ ಗಾಡಿಯ ಕಂತಿನ ಲೆಕ್ಕ ಹಾಕುತ್ತಾ, ಹಳೇದು ಇಟ್ಟುಕೊಳ್ಳಲೋ ಮಾರಲೋ ಅಂತ ಯೋಚಿಸುವವರಿಗೆ ನನ್ನ ಉತ್ತರ ಇದು. ಎಂಜಿನ್ ಎಣ್ಣೆ ಕುಡಿಯದಿದ್ದರೆ, ಚಾಸಿಗೆ ತುಕ್ಕು ಹಿಡಿಯದಿದ್ದರೆ ಇಟ್ಟುಕೊಳ್ಳಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಡಿಮೆ, ಯಾಕಂದರೆ ಕ್ಲಚ್ ಸವೆದು, ಪೆಡಲ್ ತುಂಬ ಮೇಲೆ ಬಂದ ಮೇಲೇ ಹಿಡಿಯಲು ಶುರುವಾಗಿದೆ, ಸ್ಟೀರಿಂಗ್ ಬಾಕ್ಸ್ ಹತ್ತಿರ ಜಿನುಗು ಕಾಣುತ್ತಿದೆ. ಎರಡೂ ನೋಟ್‌ಬುಕ್‌ನಲ್ಲಿವೆ. ಕ್ಲಚ್ ಈ ಸುಗ್ಗಿ ಶುರುವಾಗುವ ಮೊದಲೇ.