ಬಳಚು, ಪಚ್ಚಿಲೆ, ಕಲ್ಗ: ಮರಿಯನ್ನು ನೀರಲ್ಲೇ ಬಿಟ್ಟು ಬಂದವರ ಚಿಪ್ಪು ಯಾವುದು?

ನನ್ನ ತವರು ಕುಮಟಾ. ಅಲ್ಲಿ ಬಳಚು (ಹೊಳೆಯ ಮರಳಿನಲ್ಲಿ ಸಿಗುವ, ತಿನ್ನುವ ಚಿಪ್ಪು) ಅಂದರೆ ಅಘನಾಶಿನಿ ಹೊಳೆಯದ್ದೇ. ಮದುವೆಯಾಗಿ ಮಂಗಳೂರಿಗೆ ಬಂದ ಮೇಲೆ ಅದನ್ನೇ ಮರುವಾಯಿ ಅನ್ನಲು ಕಲಿತೆ. ಬಂಡೆಗೆ ಅಂಟಿ ಬೆಳೆಯುವ ಹಸಿರು ಚಿಪ್ಪು ಪಚ್ಚಿಲೆಯ (ಮಸೆಲ್) ರುಚಿ ಹತ್ತಿದ್ದೂ ಇಲ್ಲೇ.

ಎರಡು ವರ್ಷದ ಹಿಂದೆ ಒಂದು ಪಾಲು ಮರುವಾಯಿ ತಂದೆ. ಮೇಲೆ ದೊಡ್ಡವು ಇದ್ದವು. ಅಡಿಯಲ್ಲಿದ್ದವೆಲ್ಲ ಕಿರುಬೆರಳ ಉಗುರಿನಷ್ಟು. ಬೇಯಿಸಿದರೆ ಒಳಗೆ ಅಕ್ಕಿಕಾಳಿನಷ್ಟು ಮಾಂಸ. ಇಷ್ಟು ಮರಿಗಳನ್ನು ಬಾಚಿ ತಂದರೆ ಮುಂದಿನ ವರ್ಷ ಆ ಹೊಳೆಯಲ್ಲಿ ಏನು ಉಳಿಯುತ್ತದೆ? ಅವತ್ತು ನಿಜಕ್ಕೂ ಬೇಜಾರಾಯಿತು. ಆಮೇಲೆ ಎಲ್ಲಿಯದು, ಹೇಗೆ ತೆಗೆದದ್ದು ಅಂತ ಕೇಳದೆ ಚಿಪ್ಪು ಕೊಂಡಿಲ್ಲ. ಹೋದ ನವೆಂಬರಿನಿಂದ ಮೇವರೆಗೆ ಬೇರೆ ಬೇರೆ ಕಡೆಯದ್ದನ್ನು ತಂದು, ತೂಗಿ, ಬೇಯಿಸಿ ನೋಡಿದೆ. ಪ್ರತಿ ಸಲವೂ ಮೊದಲು ನೋಡಿದ್ದು ರಾಶಿಯಲ್ಲಿ ಎಲ್ಲಕ್ಕಿಂತ ಚಿಕ್ಕದು ಎಷ್ಟಿದೆ ಅಂತ.

ಮೊದಲು ಅಘನಾಶಿನಿ. ಶಿರಸಿ ಕಡೆ ಹುಟ್ಟಿ ಕಡಲು ಸೇರುವವರೆಗೆ ಈ ಹೊಳೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು ಎರಡೂ ತಮ್ಮ ಕಾಲಕ್ಕೆ ಸರಿಯಾಗಿ ಬಂದು ಹೋಗುತ್ತವೆ. ಬಳಚಿಗೆ ಬೇಕಾದದ್ದು ಅದೇ. ಕಡಲಿನ ಬಾಯಿಯ ಹತ್ತಿರ ಒಂದು ಜಾತಿ, ಮೇಲೆ ಸಿಹಿನೀರು ಬೆರೆಯುವಲ್ಲಿ ಕಪ್ಪು ಚಿಪ್ಪಿನ ಇನ್ನೊಂದು ಜಾತಿ. 2024ರಲ್ಲಿ ಈ ಅಳಿವೆ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನನಗಂತೂ ಮನೆಯವರಿಗೇ ಪ್ರಶಸ್ತಿ ಬಂದಷ್ಟು ಖುಷಿಯಾಯಿತು.

ಇಲ್ಲಿ ಬಳಚು ತೆಗೆಯುವುದು ಕೈಯಿಂದ. ನೀರು ಇಳಿದಾಗ ಹೆಂಗಸರು ಸೊಂಟದವರೆಗಿನ ನೀರಿಗಿಳಿದು ಕಾಲಿನಲ್ಲೇ ತಡವಿ ಹುಡುಕುತ್ತಾರೆ. ಗಂಡಸರು ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುತ್ತಾರೆ. ಜನವರಿಯಲ್ಲಿ ತವರಿಗೆ ಹೋದಾಗ ದಡದಲ್ಲೇ ಕೊಂಡೆ. ಬುಟ್ಟಿಯ ಅಡಿಗೆ ಕೈ ಹಾಕಿದೆ. ಮಾರುತ್ತಿದ್ದ ಅಕ್ಕನಿಗೆ ಅರ್ಥವಾಯಿತು. "ಸಣ್ಣದು ಇಲ್ಲ ತಂಗಿ, ಅಲ್ಲೇ ಬಿಟ್ಟು ಬಂದಿದ್ದೇನೆ. ನಾಳೆಯೂ ನಾನೇ ಇಳಿಯಬೇಕಲ್ಲ" ಅಂದರು. ನಿಜಕ್ಕೂ ಒಂದೂ ಮರಿ ಇರಲಿಲ್ಲ. ಒಂದು ಕಿಲೋಗೆ ಮಾಂಸ ಸಿಕ್ಕಿದ್ದು 120 ಗ್ರಾಂ. ರುಚಿಯಲ್ಲಿ ಇದಕ್ಕೆ ಸಾಟಿ ಇಲ್ಲ. ಉಪ್ಪು ಹದವಾಗಿ, ಕೊನೆಯಲ್ಲಿ ಒಂದು ಸಣ್ಣ ಸಿಹಿ. ತೆಂಗಿನತುರಿ ಹಾಕಿದ ಸುಕ್ಕಕ್ಕೆ ಬೇರೆ ಏನೂ ಬೇಡ. ತೊಂದರೆ ಅಂದರೆ ಮರಳು. ಉಪ್ಪುನೀರಿನಲ್ಲಿ ನಾಲ್ಕೈದು ಗಂಟೆ ಬಿಡಲೇಬೇಕು.

ಆದರೆ ಆ ಅಕ್ಕ ಮರಿ ಬಿಟ್ಟು ಬಂದದ್ದು ತನ್ನದೇ ಯೋಚನೆಯಿಂದ. ಎಲ್ಲರೂ ಹಾಗೆ ಬಿಡುತ್ತಾರಾ? ಈ ವಿಷಯದಲ್ಲಿ ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರು ಮುಂದಿದೆ. 1991ರಲ್ಲಿ ಅಲ್ಲಿ ವರ್ಷಕ್ಕೆ ಹತ್ತು ಸಾವಿರ ಟನ್ ಮುಟ್ಟಿದ್ದ ಬಳಚಿನ ಫಸಲು 1993ರ ಹೊತ್ತಿಗೆ ಅರ್ಧಕ್ಕೆ ಇಳಿಯಿತು. ಹೊರದೇಶಕ್ಕೆ ಕಳಿಸುವ ಆಸೆಗೆ ಬೇಕಾಬಿಟ್ಟಿ ಬಾಚಿದ್ದೇ ಕಾರಣ. ಪೆಟ್ಟು ತಿಂದ ಮೇಲೆ ನಿಯಮ ಬಂತು. ಮೊಟ್ಟೆ ಬಿಡುವ ಡಿಸೆಂಬರಿನಿಂದ ಫೆಬ್ರವರಿವರೆಗೆ ತೆಗೆಯುವಂತಿಲ್ಲ. ಬಲೆಯ ಕಣ್ಣು ಚಿಕ್ಕದಾಗುವಂತಿಲ್ಲ. ಒಂದು ಕಿಲೋ ಮಾಂಸಕ್ಕೆ 1,400ಕ್ಕಿಂತ ಜಾಸ್ತಿ ಬಳಚು ಹಿಡಿಯುವಷ್ಟು ಚಿಕ್ಕದನ್ನು ರಫ್ತು ಮಾಡುವಂತಿಲ್ಲ. 2014ರಲ್ಲಿ ಭಾರತದಲ್ಲೇ ಮೊದಲ ಸಲ ಒಂದು ಮೀನುಗಾರಿಕೆಗೆ ಎಂಎಸ್‌ಸಿ (ಮರೀನ್ ಸ್ಟೂವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣಪತ್ರ, ಅಂದರೆ ಮುಂದಕ್ಕೂ ಉಳಿಯುವಂತೆ ಹಿಡಿಯುತ್ತಾರೆ ಅನ್ನುವ ಮುದ್ರೆ, ಸಿಕ್ಕಿದ್ದು ಇಲ್ಲಿಗೇ. ಅಲ್ಲಿನವರು ಇದನ್ನು ಪೂವನ್ ಕಕ್ಕ ಅನ್ನುತ್ತಾರೆ. ನಮ್ಮ ಭಾವ ನವೆಂಬರಿನಲ್ಲಿ ಐಸ್ ಪೆಟ್ಟಿಗೆಯಲ್ಲಿ ತಂದುಕೊಟ್ಟರು. ಎಲ್ಲ ಒಂದೇ ಅಳತೆ, ಮರಳೂ ಕಡಿಮೆ. ಆದರೆ ಐಸ್‌ನಲ್ಲಿ ಒಂದು ದಿನ ಕಳೆದ ಮಾಂಸ ಸ್ವಲ್ಪ ರಬ್ಬರ್ ಥರ ಆಗಿತ್ತು. ದಡದಲ್ಲಿ ಕೊಂಡದ್ದರ ಪಕ್ಕ ಅದನ್ನಿಡುವುದು ಅನ್ಯಾಯ ಅಂತ ನನಗೂ ಗೊತ್ತು.

ಇನ್ನು ಪಚ್ಚಿಲೆ. ಇದರಲ್ಲಿ ಎರಡು ಬಗೆ ಇದೆ. ಒಂದು ಕಡಲ ಬಂಡೆಯಿಂದ ಕಿತ್ತು ತಂದದ್ದು. ಇನ್ನೊಂದು ಕಾಸರಗೋಡಿನ ಪಡನ್ನ ಕಡೆ ಹಗ್ಗದ ಮೇಲೆ ಬೆಳೆಸಿದ್ದು. ಅಲ್ಲಿ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳು ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಕೆಲವು ದಿನದಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಪಚ್ಚಿಲೆ ತನ್ನ ನಾರಿನಿಂದ ಹಗ್ಗವನ್ನು ಹಿಡಿದುಕೊಂಡಿರುತ್ತದೆ. ಮೇವು ಹಾಕುವುದೇ ಇಲ್ಲ, ಹಿನ್ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳೇ ಊಟ. ಮಳೆಗೆ ನೀರು ಸಪ್ಪೆಯಾಗುವ ಮೊದಲು, ಐದಾರು ತಿಂಗಳಲ್ಲಿ ಕೊಯ್ಲು. ಹೆಂಗಸರ ಸ್ವಸಹಾಯ ಗುಂಪುಗಳೇ ಈ ಕೆಲಸದಲ್ಲಿ ಮುಂದೆ.

ಏಪ್ರಿಲ್‌ನಲ್ಲಿ ಎರಡನ್ನೂ ಒಂದೇ ದಿನ ಬೇಯಿಸಿದೆ. ಹಗ್ಗದ್ದು ಕಿಲೋಗೆ 290 ಗ್ರಾಂ ಮಾಂಸ ಕೊಟ್ಟಿತು. ಚಿಪ್ಪು ತೆಳು, ಒಳಗೆ ತುಂಬಿಕೊಂಡಿದೆ, ಮರಳಿಲ್ಲ. ಬಂಡೆಯದ್ದು 210 ಗ್ರಾಂ, ಆದರೆ ಕಡಲ ವಾಸನೆ ಗಾಢ, ಅಗಿಯುವ ಖುಷಿಯೂ ಜಾಸ್ತಿ. ನಾಲಿಗೆಗೆ ಬಂಡೆಯದ್ದೇ ಇಷ್ಟ. ಆದರೂ ನಾನು ಈಗ ಕೊಳ್ಳುವುದು ಹಗ್ಗದ್ದನ್ನೇ. ಬಂಡೆಯಿಂದ ಕೀಳುವಾಗ ಗೊಂಚಲು ಗೊಂಚಲಾಗಿ ಬರುತ್ತದೆ, ದೊಡ್ಡದಕ್ಕೆ ಅಂಟಿಕೊಂಡ ಮರಿಗಳೂ ಜೊತೆಗೇ ಬರುತ್ತವೆ. ಹಗ್ಗದ ಪಚ್ಚಿಲೆಯ ಮರಿಯೂ ಬಂಡೆಯಿಂದಲೇ ಬಂದದ್ದು ನಿಜ, ಆದರೆ ಅದು ಬೆಳೆದು ದೊಡ್ಡದಾದ ಮೇಲೇ ಪಾತ್ರೆಗೆ ಬರುತ್ತದೆ.

ಕಲ್ಗದ (ಆಯ್ಸ್ಟರ್) ಬಗ್ಗೆ ಹೆಚ್ಚು ಹೇಳಲು ಆಗದು, ಒಂದೇ ಸಲ ತಂದೆ. ಕಿಲೋಗೆ 80 ಗ್ರಾಂ ಸಿಕ್ಕಿತು, ಒಡೆಯುವಾಗ ಕೈ ಗಾಯವಾಯಿತು. ಬೆಣ್ಣೆಯಂಥ ಮಾಂಸ, ರವೆ ಫ್ರೈಗೆ ಬಹಳ ಚೆನ್ನ. ಒಂದು ಮಾತು ಮಾತ್ರ ಹೇಳಬೇಕು: ಕಲ್ಗದ ಮರಿ ಕೂರುವುದು ಗಟ್ಟಿ ಜಾಗದ ಮೇಲೆ, ಹಳೆಯ ಚಿಪ್ಪು ಅದಕ್ಕೆ ತುಂಬಾ ಇಷ್ಟ. ಹೊಳೆಯಿಂದ ಚಿಪ್ಪನ್ನೂ ಬಾಚಿ ಸುಣ್ಣಕ್ಕೆ ಕಳಿಸಿದರೆ ಮರಿಗೆ ಕೂರಲು ಜಾಗವೇ ಇರುವುದಿಲ್ಲ. ಅದಕ್ಕೇ ದಡದಲ್ಲೇ ಬಿಡಿಸಿಕೊಟ್ಟು, ಚಿಪ್ಪನ್ನು ನೀರಿಗೆ ಹಾಕುವವರ ಹತ್ತಿರ ಕೊಳ್ಳುವುದು ಒಳ್ಳೆಯದು.

ಎಲ್ಲಿಯದೇ ಇರಲಿ, ನೀರು ಕೆಟ್ಟಿದ್ದರೆ ಚಿಪ್ಪೂ ಕೆಟ್ಟದ್ದೇ. ಇವು ನೀರನ್ನು ಸೋಸಿ ಬದುಕುವ ಜೀವಿಗಳು, ಚರಂಡಿ ಸೇರಿದರೆ ಅದನ್ನೂ ಸೋಸುತ್ತವೆ. 1983ರಲ್ಲಿ ಮಂಗಳೂರಿನ ಹತ್ತಿರ ಚಿಪ್ಪು ತಿಂದವರಿಗೆ ವಿಷ ಏರಿದ್ದು ದಾಖಲಾಗಿದೆ. ಆ ವಿಷ ಬರುವುದು ನೀರಿನ ಪಾಚಿಯಂಥ ಸೂಕ್ಷ್ಮ ಜೀವಿಯಿಂದ, ಬೇಯಿಸಿದರೂ ಹೋಗುವುದಿಲ್ಲ. ನೀರಿನ ಬಣ್ಣ ಬದಲಾಗಿದೆ ಅಂತ ಮೀನುಗಾರರು ಹೇಳಿದ ವಾರ ನಾನು ಚಿಪ್ಪು ಮುಟ್ಟುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಹಗ್ಗದ ಪಚ್ಚಿಲೆ. ಬಳಚು ಮಾತ್ರ ತವರಿಗೆ ಹೋದಾಗ, ಅದೇ ಅಕ್ಕನ ಬುಟ್ಟಿಯಿಂದ.