ರೀಮ್ಯಾಚ್ ಭವಿಷ್ಯಕ್ಕೆ ಕಂಪ್ಯೂಬಾಕ್ಸ್: ಒಟ್ಟು ಮೊತ್ತ ಬಿಡಿ, ರೌಂಡ್ ನೋಡಿ

ಬಾಕ್ಸಿಂಗ್‌ನ ಅತಿ ಭಾರದ ವರ್ಗವಾದ ಹೆವಿವೇಟ್‌ನಲ್ಲಿ ರೀಮ್ಯಾಚ್ (ಅದೇ ಇಬ್ಬರ ಮರುಪಂದ್ಯ) ನಿಕ್ಕಿಯಾಯಿತು ಅಂದರೆ ನಾನು ಮೊದಲು ಹುಡುಕುವುದು ಹಳೇ ಪಂದ್ಯದ ಕಂಪ್ಯೂಬಾಕ್ಸ್ ಪಟ್ಟಿ. ಯಾರು ಎಷ್ಟು ಪಂಚ್ ಬೀಸಿದರು, ಎಷ್ಟು ತಾಗಿತು, ಅದರಲ್ಲಿ ಜ್ಯಾಬ್ (ಮುಂದಿನ ಕೈಯ ನೇರ, ಚುರುಕು ಏಟು) ಎಷ್ಟು, ಪವರ್ ಪಂಚ್ ಎಷ್ಟು ಎಂದು ರೌಂಡ್ ರೌಂಡ್ ಆಗಿ ಲೆಕ್ಕ ಕೊಡುವ ಸೇವೆ ಇದು. ಟಿವಿಯಲ್ಲಿ ಪಂದ್ಯದ ನಡುವೆ ಪರದೆ ಮೇಲೆ ಬರುವ ಅಂಕಿಗಳು ಎಷ್ಟೋ ಸಲ ಇವರವೇ. ಬಹಳ ಕಾಲದಿಂದ ಬಳಸುತ್ತಾ ಬಂದಿದ್ದೇನೆ, ಮುಂದೆಯೂ ಬಳಸುತ್ತೇನೆ. ಆದರೆ ಇದನ್ನು ಓದುವ ರೀತಿ ಬೇರೆ ಇದೆ. ಹೆಚ್ಚಿನವರು ಕೊನೇ ಸಾಲಿನ ಒಟ್ಟು ಮೊತ್ತ ನೋಡಿ, ಯಾರದ್ದು ಜಾಸ್ತಿ ಇದೆಯೋ ಅವನೇ ಮತ್ತೆ ಗೆಲ್ಲುತ್ತಾನೆ ಅಂದುಬಿಡುತ್ತಾರೆ. ನಾನು ಪಟ್ಟಿಗೆ ಕೇಳುವುದು ಒಂದೇ ಪ್ರಶ್ನೆ: ಇದರಲ್ಲಿ ಸೋತವನು ಯಾವುದನ್ನು ಬದಲಾಯಿಸಿಕೊಳ್ಳಬಲ್ಲ, ಯಾವುದು ಅವನ ಕೈಯಲ್ಲಿಲ್ಲ?

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ತಿಳಿದುಕೊಳ್ಳಬೇಕು. ಯಾವುದೋ ಯಂತ್ರ ಎಣಿಸುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎಣಿಸುವುದು ಮನುಷ್ಯರೇ. ರಿಂಗ್ ಪಕ್ಕದಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರ ಕಣ್ಣು ಒಬ್ಬ ಬಾಕ್ಸರ್ ಮೇಲೆ, ಇನ್ನೊಬ್ಬರ ಕಣ್ಣು ಎದುರಾಳಿ ಮೇಲೆ. ಜ್ಯಾಬ್ ತಾಗಿತಾ, ತಪ್ಪಿತಾ. ಪವರ್ ಪಂಚ್ ತಾಗಿತಾ, ತಪ್ಪಿತಾ. ಮೂಲದಲ್ಲಿ ಈ ನಾಲ್ಕು ಕೀಲಿಗಳದ್ದೇ ಆಟ. ಬಾಬ್ ಕ್ಯಾನೋಬಿಯೋ ಮತ್ತು ಲೋಗನ್ ಹಾಬ್ಸನ್ 1985ರಲ್ಲಿ ಇದನ್ನು ಶುರು ಮಾಡಿದರು. ಇದು ಮೊದಲು ಟಿವಿಗೆ ಬಂದದ್ದೂ ಒಂದು ರೀಮ್ಯಾಚ್‌ನಲ್ಲೇ, ಲೈಟ್‌ವೇಟ್‌ನ ಬ್ರ್ಯಾಂಬಲ್ ಮತ್ತು ಮ್ಯಾನ್ಸಿನಿ ಎರಡನೇ ಸಲ ಎದುರಾದಾಗ. ಆಮೇಲೆ ಹಳೇ ಟೇಪ್‌ಗಳನ್ನು ನೋಡಿ ಮಹಮ್ಮದ್ ಅಲಿಯ ಪಂದ್ಯಗಳನ್ನೂ ಎಣಿಸಿದ್ದಾರೆ. ಇಷ್ಟು ತಾಳ್ಮೆಯ ಕೆಲಸಕ್ಕೆ ನನಗೆ ನಿಜವಾಗಿಯೂ ಗೌರವ ಇದೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಜ್ಯಾಬ್ ಅಲ್ಲದ್ದೆಲ್ಲ ಪವರ್ ಪಂಚ್ ಅನ್ನುವ ಕಾಲಂಗೆ ಹೋಗುತ್ತದೆ. ಪಕ್ಕದಿಂದ ಬೀಸುವ ಹುಕ್, ಕೆಳಗಿನಿಂದ ಮೇಲಕ್ಕೆ ಬರುವ ಅಪ್ಪರ್‌ಕಟ್, ನೇರ ಬಲಗೈ ಎಲ್ಲವೂ ಅಲ್ಲೇ. ಪಕ್ಕೆಗೆ ಸುಮ್ನೆ ಸವರಿದ ಹುಕ್ ಲೆಕ್ಕಕ್ಕೆ ಒಂದು. ನಾಕೌಟ್‌ಗೆ ಹೆಸರಾದ ಹೆವಿವೇಟ್ ಡಿಯಾಂಟೆ ವೈಲ್ಡರ್ ಪೂರ್ತಿ ಬಲ ಹಾಕಿ ಬಿಟ್ಟ ಬಲಗೈಯೂ ಲೆಕ್ಕಕ್ಕೆ ಒಂದೇ. ಬೇರೆ ತೂಕಗಳಲ್ಲಿ ಇದು ಅಷ್ಟು ದೊಡ್ಡ ಕೊರತೆ ಅಲ್ಲ. ಹೆವಿವೇಟ್‌ನಲ್ಲಿ ಒಂದೇ ಏಟಿಗೆ ಪಂದ್ಯ ಮುಗಿಯಬಹುದು, ಹಾಗಾಗಿ ಇಲ್ಲಿ ದೊಡ್ಡದೇ.

ಇದಕ್ಕೆ ಆಂಥನಿ ಜೋಶುವಾ ಮತ್ತು ಆಂಡಿ ರೂಯಿಜ್ ಪಂದ್ಯಗಳಿಗಿಂತ ಒಳ್ಳೆ ಉದಾಹರಣೆ ಇಲ್ಲ. 2019ರ ಜೂನ್ 1, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಬದಲಿಯಾಗಿ ಬಂದ ರೂಯಿಜ್ ಏಳನೇ ರೌಂಡ್‌ನಲ್ಲಿ ಜೋಶುವಾನನ್ನು ಮುಗಿಸಿದ. ಪಟ್ಟಿ ನೋಡಿದರೆ ರೂಯಿಜ್ 206 ಬೀಸಿ 56 ತಾಗಿಸಿದ್ದ, ಜೋಶುವಾ 176 ಬೀಸಿ 47 ತಾಗಿಸಿದ್ದ. ವ್ಯತ್ಯಾಸ ಬರೀ ಒಂಬತ್ತು. ಆ ಒಂಬತ್ತರ ಪಂದ್ಯದಲ್ಲಿ ಜೋಶುವಾ ನಾಲ್ಕು ಸಲ ನೆಲಕ್ಕೆ ಬಿದ್ದಿದ್ದ. ಕೊನೇ ಸಾಲು ಮಾತ್ರ ಓದಿದವರಿಗೆ ಸಮಬಲದ ಪಂದ್ಯ ಅನಿಸುತ್ತದೆ.

ಮೂರನೇ ರೌಂಡ್ ನೋಡಿ. ಮೊದಲು ಬಿದ್ದವನು ರೂಯಿಜ್. ಜೋಶುವಾ ಅಲ್ಲೇ ಮುಗಿಸಿಬಿಡಬೇಕು ಅಂತ ನುಗ್ಗಿದ, ತೋಳಳತೆಯ ಒಳಗೆ ನಿಂತು ಏಟಿಗೆ ಏಟು ಬದಲಾಯಿಸಿದ. ಅಲ್ಲಿ ರೂಯಿಜ್‌ನ ಕೈ ಅವನಿಗಿಂತ ಚುರುಕು. ತಲೆಯ ಪಕ್ಕಕ್ಕೆ ಬಿದ್ದ ಎಡಗೈ ಹುಕ್ ಜೋಶುವಾನ ಕಾಲನ್ನೇ ಕಿತ್ತುಕೊಂಡಿತು. ಅದೇ ರೌಂಡ್‌ನಲ್ಲಿ ಎರಡು ಸಲ ಬಿದ್ದ. ಇದರಲ್ಲಿ ಬದಲಾಯಿಸಿಕೊಳ್ಳಬಹುದಾದ್ದು ಯಾವುದು? ದೂರ. ಉದ್ದ ಕೈ ಇರುವವನು ದೂರದಲ್ಲೇ ನಿಂತರೆ ಆಯಿತು, ಅದಕ್ಕೆ ಹೊಸ ಪ್ರತಿಭೆಯೇನೂ ಬೇಕಾಗಿಲ್ಲ, ಸಂಯಮ ಸಾಕು.

ಅದೇ ವರ್ಷ ಡಿಸೆಂಬರ್ 7ರಂದು ಸೌದಿಯ ದಿರಿಯಾದಲ್ಲಿ ನಡೆದ ರೀಮ್ಯಾಚ್‌ನಲ್ಲಿ ಅದೇ ಆಯಿತು. ಜೋಶುವಾ ಸುಮಾರು ಹತ್ತು ಪೌಂಡ್ ಇಳಿಸಿಕೊಂಡು ಬಂದ. ಮೊದಲ ಸಲ 268 ಪೌಂಡ್ ಇದ್ದ ರೂಯಿಜ್ 283 ದಾಟಿದ್ದ. ಹನ್ನೆರಡು ರೌಂಡ್ ಮುಗಿದಾಗ ಜೋಶುವಾ 365ರಲ್ಲಿ 107, ರೂಯಿಜ್ 182ರಲ್ಲಿ 60. ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9 ಅಂತ ಕೂಡಿಸಿ ಮೂವರು ತೀರ್ಪುಗಾರರು ಜೋಶುವಾಗೆ 118-110, 118-110, 119-109 ಕೊಟ್ಟರು. ನನಗೆ ಇಲ್ಲಿ ಮುಖ್ಯ ಅನಿಸುವುದು ತಾಗಿದ್ದಕ್ಕಿಂತ ಬೀಸಿದ ಲೆಕ್ಕ. ಮೊದಲ ಪಂದ್ಯದಲ್ಲಿ ರೂಯಿಜ್ ರೌಂಡಿಗೆ ಮೂವತ್ತಕ್ಕೂ ಹೆಚ್ಚು ಬೀಸಿದ್ದ. ಎರಡನೆಯದರಲ್ಲಿ ರೌಂಡಿಗೆ ಹದಿನೈದು. ಹದಿನೈದು ಪೌಂಡ್ ಹೆಚ್ಚಿಗೆ ಹೊತ್ತವನು ಓಡುವವನನ್ನು ಹಿಡಿಯುವುದು ಹೇಗೆ? ತೂಕ ನೋಡುವ ದಿನವೇ ಈ ಪಂದ್ಯದ ಅರ್ಧ ಉತ್ತರ ಸಿಕ್ಕಿಬಿಟ್ಟಿತ್ತು.

ತೂಕ ಅಂದ ಕೂಡಲೇ ಜಾಸ್ತಿ ಆದರೆ ಕೆಟ್ಟದ್ದು ಅಂತ ಅರ್ಥ ಅಲ್ಲ. ಟೈಸನ್ ಫ್ಯೂರಿ 2018ರ ಡಿಸೆಂಬರ್‌ನಲ್ಲಿ ವೈಲ್ಡರ್ ಎದುರು 256 ಪೌಂಡ್ ಚಿಲ್ಲರೆ ಇದ್ದ. 2020ರ ಫೆಬ್ರವರಿಯಲ್ಲಿ 273. ಅಷ್ಟರಲ್ಲಿ ಕೋಚ್ ಕೂಡ ಬದಲಾಗಿದ್ದರು, ಬೆನ್ ಡೇವಿಸನ್ ಹೋಗಿ ಶುಗರ್‌ಹಿಲ್ ಸ್ಟೀವರ್ಡ್ ಬಂದಿದ್ದರು. ಈ ಸಲ ನಾಕೌಟ್ ಮಾಡುತ್ತೇನೆ ಅಂತ ಫ್ಯೂರಿ ಬಾಯಿಬಿಟ್ಟು ಹೇಳಿದ್ದ. ಅದು ಬರೀ ನಾಟಕ, ಮತ್ತೆ ಹಿಂದೆ ಸರಿಯುತ್ತಲೇ ಆಡುತ್ತಾನೆ ಅಂತ ಅಂದುಕೊಂಡವರು ಕಡಿಮೆ ಇರಲಿಲ್ಲ.

ಮೊದಲ ಪಂದ್ಯ ಡ್ರಾ. ಪಟ್ಟಿಯಲ್ಲಿ ಫ್ಯೂರಿ 327ರಲ್ಲಿ 84, ವೈಲ್ಡರ್ 430ರಲ್ಲಿ 71. ಈ ಸಾಲನ್ನು ತಿರುಗಿಸಿ ಓದಿ. ವೈಲ್ಡರ್ ಬೀಸಿದ 359 ಪಂಚ್ ಗಾಳಿಗೋ ಗ್ಲೌಸಿಗೋ ಹೋಗಿದ್ದವು. ಆದರೂ ಒಂಬತ್ತನೇ ಮತ್ತು ಹನ್ನೆರಡನೇ ರೌಂಡ್‌ನಲ್ಲಿ ಫ್ಯೂರಿಯನ್ನು ಕೆಡವಿದ್ದ. ಅಂದರೆ ಅವನ ಕೈಲಿ ಇದ್ದದ್ದು ಒಂದೇ ಆಯುಧ. ಆ ಬಲಗೈ ಬೀಸಲು ಜಾಗ ಬೇಕು, ಕಾಲು ಗಟ್ಟಿಯಾಗಿ ಊರಿರಬೇಕು. ಅವನನ್ನೇ ಹಿಂದಕ್ಕೆ ತಳ್ಳುತ್ತಾ ಹೋದರೆ ಎರಡೂ ಇರುವುದಿಲ್ಲ. ಹದಿನಾರು ಪೌಂಡ್ ಹೆಚ್ಚಿಗೆ ತಂದದ್ದು ಅದಕ್ಕೇ. ಎರಡನೇ ಪಂದ್ಯ ಏಳನೇ ರೌಂಡ್‌ಗೆ ನಿಂತಾಗ ಫ್ಯೂರಿ 82 ತಾಗಿಸಿದ್ದ. ಹನ್ನೆರಡು ರೌಂಡ್‌ನಲ್ಲಿ 84, ಏಳು ತುಂಬುವ ಮೊದಲೇ 82! ವೈಲ್ಡರ್ 34ಕ್ಕೆ ನಿಂತಿದ್ದ. ಕಂಪ್ಯೂಬಾಕ್ಸ್ ಪಟ್ಟಿಗಳಲ್ಲಿ ನನಗೆ ತುಂಬಾ ಇಷ್ಟವಾದ ಜೋಡಿ ಇದು. ಒಬ್ಬ ಬಾಕ್ಸರ್ ತನ್ನ ಆಟವನ್ನೇ ತಿರುವಿ ಹಾಕಿದ್ದು ಎರಡು ಸಾಲಿನಲ್ಲಿ ಕಾಣುತ್ತದೆ.

ಹಾಗಾದರೆ ಮೊದಲ ಪಂದ್ಯದ ಲೆಕ್ಕ ಎರಡನೆಯದಕ್ಕೆ ಹಾಗೆಯೇ ನಡೆಯುವುದು ಯಾವಾಗ? ಇಬ್ಬರೂ ಚೆನ್ನಾಗಿ ತಯಾರಾಗಿ ಬಂದು, ಹನ್ನೆರಡು ರೌಂಡ್ ಪೂರ್ತಿ ಆಡಿ, ಯಾರಿಗೂ ನೆಪ ಉಳಿಯದೇ ಇದ್ದಾಗ. ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಮತ್ತು ಫ್ಯೂರಿ ಹಾಗೆ. 2024ರ ಮೇ 18ರಂದು ರಿಯಾದ್‌ನಲ್ಲಿ ಉಸಿಕ್ 407ರಲ್ಲಿ 170, ಫ್ಯೂರಿ 496ರಲ್ಲಿ 157. ತೀರ್ಪು ಒಡೆದಿತ್ತು: 115-112, 114-113 ಉಸಿಕ್‌ಗೆ, ಒಬ್ಬರು 114-113 ಫ್ಯೂರಿಗೆ. ಒಂಬತ್ತನೇ ರೌಂಡ್‌ನಲ್ಲಿ ಉಸಿಕ್ ಬಿಟ್ಟ ಏಟುಗಳಿಗೆ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದ, ನೆಲಕ್ಕೆ ಬಿದ್ದವನಿಗೆ ಎಣಿಸುವಂತೆ ರೆಫ್ರಿ ಎಣಿಸಬೇಕಾಯಿತು. ಅಷ್ಟು ಎತ್ತರ, ಅಷ್ಟು ಉದ್ದ ಕೈ ಇರುವವನು ಜಾಸ್ತಿ ಬೀಸಿಯೂ ಕಡಿಮೆ ತಾಗಿಸಿದ್ದ. ಉಸಿಕ್‌ನ ಕಾಲು ಒಂದು ಕಡೆ ನಿಲ್ಲುವುದೇ ಇಲ್ಲ, ಎಡಗೈ ಆಟಗಾರ ಬೇರೆ. ಫ್ಯೂರಿ ಇದಕ್ಕೆ ಏನು ಮಾಡಬಲ್ಲ? ತೂಕ ಏರಿಸಿ ಉಸಿಕ್ ಮೇಲೆ ಒರಗಬಹುದು. ಉಸಿಕ್‌ನ ಕಾಲನ್ನು ನಿಧಾನ ಮಾಡುವುದು ಅವನಿಂದ ಆಗದು. ನಾನು ಆಗ ಉಸಿಕ್ ಅಂತಲೇ ಹೇಳಿದ್ದೆ, ಪಾಯಿಂಟ್ಸ್ ಮೇಲೆ ಅಂತಲೂ.

ಡಿಸೆಂಬರ್ 21ರ ರೀಮ್ಯಾಚ್‌ಗೆ ಫ್ಯೂರಿ 281 ಪೌಂಡ್ ಇದ್ದ, ಮೇ ತಿಂಗಳಲ್ಲಿ 262. ಬಟ್ಟೆ ಸಮೇತ ತೂಕ ಕೊಟ್ಟಿದ್ದರು ಅನ್ನುವುದನ್ನು ಕಳೆದರೂ ಭಾರಿಯೇ. ಫಲಿತಾಂಶ ಉಸಿಕ್ 423ರಲ್ಲಿ 179, ಫ್ಯೂರಿ 509ರಲ್ಲಿ 144. ಮತ್ತೆ ಅದೇ ಕಥೆ, ಜಾಸ್ತಿ ಬೀಸಿದವನು ಕಡಿಮೆ ತಾಗಿಸಿದ. ಅಂತರ ಹದಿಮೂರರಿಂದ ಮೂವತ್ತೈದಕ್ಕೆ ಏರಿತ್ತು. ಮೂವರೂ 116-112 ಕೊಟ್ಟರು.

ಕಂಪ್ಯೂಬಾಕ್ಸ್‌ಗೆ ತೀರ್ಪುಗಾರರ ಮನಸ್ಸು ಗೊತ್ತಾಗುವುದಿಲ್ಲ. ಇದನ್ನು ಬಳಸುವವರು ಮರೆಯಬಾರದ ಮಾತು. 1999ರ ಮಾರ್ಚ್‌ನಲ್ಲಿ ಲೆನಾಕ್ಸ್ ಲೂಯಿಸ್ 348 ತಾಗಿಸಿದ್ದ, ಇವಾಂಡರ್ ಹೋಲಿಫೀಲ್ಡ್ 130. ತೀರ್ಪು? ಡ್ರಾ. ಒಬ್ಬ ತೀರ್ಪುಗಾರ್ತಿ ಹೋಲಿಫೀಲ್ಡ್‌ಗೇ 115-113 ಕೊಟ್ಟಿದ್ದರು. ಆ ಪಟ್ಟಿ ನೋಡಿದಾಗಲೆಲ್ಲ ನನಗೆ ಈಗಲೂ ಸಂಕಟ ಆಗುತ್ತದೆ. ಅಷ್ಟು ಸ್ಪಷ್ಟವಾಗಿ ಗೆದ್ದವನ ಕೈಯನ್ನು ಎತ್ತಲಿಲ್ಲ. ನವೆಂಬರ್‌ನ ರೀಮ್ಯಾಚ್‌ನಲ್ಲಿ ಲೂಯಿಸ್ ಮೂವರ ಕಾರ್ಡಿನಲ್ಲೂ ಗೆದ್ದ. ಆದರೆ ಹೋಲಿಫೀಲ್ಡ್ ಅಷ್ಟರಲ್ಲಿ ಸುಧಾರಿಸಿಕೊಂಡಿದ್ದ, ಆ ಪಂದ್ಯ ಮೊದಲಿನಷ್ಟು ಏಕಪಕ್ಷೀಯ ಆಗಿರಲಿಲ್ಲ. ಮೊದಲ ಪಂದ್ಯದ ಅಂಕಿ ಹಿಡಿದು ಲೂಯಿಸ್ ಸುಲಭವಾಗಿ ಗೆಲ್ಲುತ್ತಾನೆ ಅಂದವರಿಗೆ ಗೆಲ್ಲುವವನ ಹೆಸರು ಸರಿ ಸಿಕ್ಕಿತು, ಪಂದ್ಯದ ಸ್ವರೂಪ ಸಿಗಲಿಲ್ಲ.

ಮೊದಲ ಪಂದ್ಯ ಒಂದೇ ಏಟಿಗೆ ಮುಗಿದಿದ್ದರೆ ಪಟ್ಟಿಯನ್ನು ಮುಚ್ಚಿಡಿ. ಅಲ್ಲಿ ಸಿಗುವುದು ಏನೂ ಇಲ್ಲ. 2001ರ ಏಪ್ರಿಲ್‌ನಲ್ಲಿ ಹಸೀಮ್ ರಹಮಾನ್ ದಕ್ಷಿಣ ಆಫ್ರಿಕಾದ ಬ್ರಾಕ್‌ಪಾನ್‌ನಲ್ಲಿ ಲೂಯಿಸ್‌ನನ್ನು ಐದನೇ ರೌಂಡ್‌ಗೆ ಮಲಗಿಸಿದ. ಆ ಊರು ಎತ್ತರದಲ್ಲಿದೆ, ಗಾಳಿ ತೆಳು. ರಹಮಾನ್ ಬೇಗ ಹೋಗಿ ಒಗ್ಗಿಕೊಂಡಿದ್ದ, ಲೂಯಿಸ್ ತಡವಾಗಿ ಹೋಗಿದ್ದ, 253 ಪೌಂಡ್ ದಾಟಿದ್ದ. ಎಲ್ಲವೂ ಸರಿಪಡಿಸಬಹುದಾದ್ದೇ ಅಲ್ವಾ? ನವೆಂಬರ್‌ನಲ್ಲಿ ಏಳು ಪೌಂಡ್ ಇಳಿಸಿ ಬಂದು ನಾಲ್ಕನೇ ರೌಂಡ್‌ನಲ್ಲಿ ಲೆಕ್ಕ ಚುಕ್ತಾ ಮಾಡಿದ.

ಇದಕ್ಕೆ ತದ್ವಿರುದ್ಧ ಫ್ಲಾಯ್ಡ್ ಪ್ಯಾಟರ್ಸನ್. 1962ರಲ್ಲಿ ಸನ್ನಿ ಲಿಸ್ಟನ್ ಅವನನ್ನು ಮೊದಲ ರೌಂಡ್‌ನಲ್ಲೇ ಮುಗಿಸಿದ. 1963ರಲ್ಲೂ ಮೊದಲ ರೌಂಡ್‌ನಲ್ಲೇ, ಬರೀ ನಾಲ್ಕು ಸೆಕೆಂಡ್ ಹೆಚ್ಚು ಹಿಡಿಯಿತು. ಲಿಸ್ಟನ್‌ನ ಗಾತ್ರ ಮತ್ತು ಬಲಕ್ಕೆ ಪ್ಯಾಟರ್ಸನ್ ಬಳಿ ಉತ್ತರ ಇರಲಿಲ್ಲ. ಯಾವ ಕೋಚ್, ಯಾವ ಕ್ಯಾಂಪ್ ಕೂಡ ಅದನ್ನು ಕೊಡಲಾರದು.

ಟೇಪ್ ನೋಡದೆ ಬರೀ ಅಂಕಿ ಓದಬೇಡಿ ಅಂತಲೂ ಹೇಳುತ್ತೇನೆ. 1936ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್ ಜೋ ಲೂಯಿಸ್‌ನ ಹಳೇ ಪಂದ್ಯಗಳ ಫಿಲಂ ನೋಡಿ, ಜ್ಯಾಬ್ ಹೊಡೆದ ಮೇಲೆ ಅವನ ಎಡಗೈ ಕೆಳಗೆ ಇಳಿಯುತ್ತದೆ ಅನ್ನುವುದನ್ನು ಹಿಡಿದಿದ್ದ. ಆ ಸಂದಿಗೇ ಬಲಗೈ ಬಿಟ್ಟು ಹನ್ನೆರಡನೇ ರೌಂಡ್‌ನಲ್ಲಿ ನಾಕೌಟ್ ಮಾಡಿದ. ಎರಡು ವರ್ಷ ಬಿಟ್ಟು ಯಾಂಕೀ ಸ್ಟೇಡಿಯಂನಲ್ಲಿ ಲೂಯಿಸ್ ಅವನನ್ನು ಒಂದೇ ರೌಂಡ್‌ನಲ್ಲಿ, ಎರಡು ನಿಮಿಷ ನಾಲ್ಕು ಸೆಕೆಂಡ್‌ನಲ್ಲಿ ಮುಗಿಸಿದ. ಇಳಿಯುವ ಕೈಗೆ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ.

ಹಣ ಕಟ್ಟಿ ಸೇರುವ ಒಂದು ಭವಿಷ್ಯದ ಆ್ಯಪನ್ನೂ ಬಳಸಿ ನೋಡಿದೆ, ಹೆಸರು ಬೇಡ. ಇವನು ಗೆಲ್ಲುವ ಸಾಧ್ಯತೆ ಶೇಕಡಾ ಇಷ್ಟು ಅಂತ ಒಂದು ಅಂಕಿ ಕೊಡುತ್ತದೆ. ಅದು ಎಲ್ಲಿಂದ ಬಂತು ಅಂತ ಎಲ್ಲೂ ತೋರಿಸುವುದಿಲ್ಲ. ಒಬ್ಬ ಬಾಕ್ಸರ್ ಕೋಚ್ ಬದಲಾಯಿಸಿದ ಸುದ್ದಿ ಬಂದ ಮೇಲೂ ಆ ಅಂಕಿ ಅಲ್ಲಾಡಲಿಲ್ಲ. ಬಿಟ್ಟುಬಿಟ್ಟೆ. ಕಂಪ್ಯೂಬಾಕ್ಸ್ ಯಾರು ಗೆಲ್ಲುತ್ತಾರೆ ಅಂತ ಹೇಳಲು ಹೋಗುವುದೇ ಇಲ್ಲ, ಆಗಿದ್ದನ್ನು ಎದುರಿಗೆ ಇಡುತ್ತದೆ. ಯೋಚಿಸುವ ಕೆಲಸ ನನಗೆ ಬಿಡುತ್ತದೆ. ಅದು ನನಗೆ ಹಿಡಿಸಿದೆ.

ಬಳಸುವವರಿಗೆ ನನ್ನ ಸಲಹೆ ಇಷ್ಟೇ. ಒಟ್ಟು ಮೊತ್ತ ಬಿಟ್ಟು ಮೊದಲು ಬೀಸಿದ ಲೆಕ್ಕ ರೌಂಡ್ ರೌಂಡ್ ಆಗಿ ನೋಡಿ. ಎಂಟನೇ ರೌಂಡ್ ಆದಮೇಲೆ ಯಾರದ್ದು ಕುಸಿಯಿತು ಅಂತ ಗುರುತು ಹಾಕಿ. ಆಮೇಲೆ ಜ್ಯಾಬ್ ಕಾಲಂ ನೋಡಿ, ದೂರ ಯಾರ ಹಿಡಿತದಲ್ಲಿತ್ತು ಅನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ಕೊನೆಗೆ ತೂಕ ನೋಡುವ ದಿನದವರೆಗೂ ಕಾಯಿರಿ. ಅದಕ್ಕೆ ಮೊದಲು ಹೆಸರು ಹೇಳುವ ಅವಸರ ಬೇಡ.

ಉಸಿಕ್ ಮತ್ತು ಫ್ಯೂರಿ ರೀಮ್ಯಾಚ್‌ನಲ್ಲಿ ಎಐ ತೀರ್ಪುಗಾರನನ್ನೂ ಪ್ರಯೋಗಕ್ಕೆ ಕೂರಿಸಿದ್ದರು. ಫಲಿತಾಂಶಕ್ಕೆ ಅದು ಸೇರಲಿಲ್ಲ, ಆದರೆ ಉಸಿಕ್‌ಗೆ 118-112 ಕೊಟ್ಟಿತು. ಹನ್ನೆರಡು ರೌಂಡ್‌ಗೂ 10-9 ಕೊಟ್ಟರೆ ಇಬ್ಬರದ್ದೂ ಕೂಡಿ 228 ಬರಬೇಕು. ಇಲ್ಲಿ 230 ಇದೆ. ಅಂದರೆ ಅದು ಎರಡು ರೌಂಡ್‌ಗಳನ್ನು ಸಮ ಅಂತ ಬಿಟ್ಟಿರಬೇಕು. ಮನುಷ್ಯ ತೀರ್ಪುಗಾರರು ಹಾಗೆ ಬಿಡುವುದು ತೀರಾ ಅಪರೂಪ. ಮುಂದಿನ ಸಲ ಇದನ್ನು ಕೂರಿಸುವವರು ಯಾವ ರೌಂಡ್ ಯಾಕೆ ಸಮ ಆಯಿತು ಅನ್ನುವುದನ್ನೂ ಪಟ್ಟಿ ಮಾಡಿ ಕೊಡಲಿ. ಕೊಟ್ಟರೆ ಕಂಪ್ಯೂಬಾಕ್ಸ್ ಪಟ್ಟಿ ಪಕ್ಕದಲ್ಲಿ ಅದನ್ನೂ ಇಟ್ಟುಕೊಂಡು ಕೂರುತ್ತೇನೆ.