ಡಾಲರ್ ಲೆಕ್ಕಕ್ಕೆ ಗ್ನೂಕ್ಯಾಶ್ ಒಳ್ಳೆಯದಾ, ಎಚ್‌ಲೆಡ್ಜರ್ ಒಳ್ಳೆಯದಾ?

ಎರಡೂ ಜಮಾ-ಖರ್ಚು ಬರೆದಿಡುವ ಸಾಫ್ಟ್‌ವೇರ್. ಗ್ನೂಕ್ಯಾಶ್‌ನಲ್ಲಿ ಕ್ಲಿಕ್ ಮಾಡುವ ವಿಂಡೋ, ಎಚ್‌ಲೆಡ್ಜರ್‌ನಲ್ಲಿ ಟೈಪ್ ಮಾಡುವ ಕಮಾಂಡ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಚ್‌ಲೆಡ್ಜರ್‌ಗೆ. ಬೆಂಗಳೂರಲ್ಲಿ ಕೂತು ಹೊರದೇಶದ ಕ್ಲೈಂಟ್‌ಗಳಿಗೆ ಫ್ರೀಲ್ಯಾನ್ಸ್ ಕೆಲಸ ಮಾಡುವವರಿಗೆ ಡಾಲರ್ ಎಂಟ್ರಿ ತಪ್ಪಿದ್ದಲ್ಲ. ನನ್ನವನ್ನು ಎರಡರಲ್ಲೂ ಇಂಪೋರ್ಟ್ ಮಾಡಿ ನೋಡಿದ್ದೇನೆ. ಎರಡೂ ಪುಕ್ಕಟೆ, ಎರಡೂ ಡಬಲ್ ಎಂಟ್ರಿ, ಅಂದರೆ ಒಂದು ಖಾತೆಯಿಂದ ಹೋದ ದುಡ್ಡನ್ನು ಎದುರು ಖಾತೆಯಲ್ಲೂ ಬರೆಯಬೇಕು.

ತಲೆನೋವು ಒಂದೇ. ಪೇಮೆಂಟ್ ಕಂಪನಿ ಕೊಡುವ ಸಿಎಸ್‌ವಿ ಫೈಲಿನಲ್ಲಿ (ಸಾಲು ಸಾಲಾಗಿ ವಹಿವಾಟು ಇರುವ ಸ್ಟೇಟ್‌ಮೆಂಟ್) ಒಂದು ಕನ್ವರ್ಷನ್, ಅಂದರೆ ಡಾಲರನ್ನು ರೂಪಾಯಿ ಮಾಡಿದ್ದು, ಎರಡು ಸಾಲಾಗಿ ಬರುತ್ತದೆ. 500 ಡಾಲರ್ ಹೋಯಿತು ಅಂತ ಒಂದು ಸಾಲು, ಅದರ ರೂಪಾಯಿ ಬಂತು ಅಂತ ಕೆಳಗೆ ಇನ್ನೊಂದು. ಗ್ನೂಕ್ಯಾಶ್‌ನಲ್ಲಿ ಒಂದು ಖಾತೆಗೆ ಒಂದೇ ಕರೆನ್ಸಿ. ಡಾಲರ್ ಸಾಲನ್ನು ರೂಪಾಯಿ ಖಾತೆಗೆ ಜೋಡಿಸಿದರೆ ರೇಟು ಕೊಡಬೇಕು. ಅಲ್ಲಿ ಸುಮ್ನೆ ರೇಟು ಹಾಕಬೇಡಿ, ಪೈಸೆ ತಾಳೆಯಾಗುವುದಿಲ್ಲ. ಕೈಗೆ ಬಂದ ರೂಪಾಯಿಯನ್ನೇ ಹಾಕಿ, ರೇಟನ್ನು ಗ್ನೂಕ್ಯಾಶೇ ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ಕೆಳಗಿನ ರೂಪಾಯಿ ಸಾಲನ್ನು ಮರೆಯದೆ ಬಿಡಬೇಕು. ಇಲ್ಲದಿದ್ದರೆ ಅದೇ ದುಡ್ಡು ಎರಡು ಸಲ ಜಮಾ ಆಗುತ್ತದೆ. ಒಂದೆರಡು ಎಂಟ್ರಿಗಾದರೆ ಸರಿ. ವರ್ಷದ್ದೆಲ್ಲ ಒಟ್ಟಿಗೆ ಹಾಕುವಾಗ ಸಾಕಪ್ಪ ಅನಿಸುತ್ತದೆ.

ಎಚ್‌ಲೆಡ್ಜರ್‌ನಲ್ಲಿ ಒಂದೇ ಖಾತೆಯಲ್ಲಿ ಡಾಲರೂ ಇರಬಹುದು, ರೂಪಾಯಿಯೂ ಇರಬಹುದು. ನನಗೆ ಬೇಕಿದ್ದದ್ದು ಇದೇ. ಸಿಎಸ್‌ವಿ ಪಕ್ಕದಲ್ಲಿ ಒಂದು ರೂಲ್ಸ್ ಫೈಲ್ ಇಡಬೇಕು, ಯಾವ ಸಾಲು ಯಾವ ಖಾತೆಗೆ ಅಂತ ಹೇಳುವ ಫೈಲ್ ಅದು. ವಿವರದಲ್ಲಿ ‘ಕನ್ವರ್ಷನ್’ ಅಂತಿದ್ದರೆ ಎದುರು ಖಾತೆ ‘ಈಕ್ವಿಟಿ:ಕನ್ವರ್ಷನ್’ ಅಂತ ಅದರಲ್ಲಿ ಒಮ್ಮೆ ಬರೆದರೆ ಮುಗಿಯಿತು. ಎರಡೂ ಸಾಲು ತಂತಮ್ಮ ಕರೆನ್ಸಿಯಲ್ಲೇ ಬಂದು ಆ ಖಾತೆಯಲ್ಲಿ ಕೂರುತ್ತವೆ, ಡಾಲರ್ ಪ್ಲಸ್, ರೂಪಾಯಿ ಮೈನಸ್. ಯಾವ ಸಾಲನ್ನೂ ಬಿಡಬೇಕಿಲ್ಲ, ರೇಟೂ ಕೇಳುವುದಿಲ್ಲ. ಎಲ್ಲಿವರೆಗೆ ಇಂಪೋರ್ಟ್ ಆಗಿದೆ ಅಂತ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಹಳೇ ಸಾಲುಗಳಿರುವ ಸ್ಟೇಟ್‌ಮೆಂಟನ್ನೇ ಮತ್ತೆ ಕೊಟ್ಟರೂ ಹೊಸದನ್ನು ಮಾತ್ರ ತೆಗೆದುಕೊಳ್ಳುತ್ತದೆ.

ಒಂದು ವಿಷಯದಲ್ಲಿ ಗ್ನೂಕ್ಯಾಶ್ ಮುಂದಿದೆ. ಬ್ಯಾಂಕಿನ ಫೈಲ್ ಹಾಕಿದಾಗ ತಾರೀಖು, ಮೊತ್ತ ನೋಡಿ ‘ಇದು ಆಗಲೇ ಇದೆ’ ಅಂತ ತೋರಿಸುತ್ತದೆ. ಬೇರೆ ಕಡೆಯಿಂದ ಆಗಲೇ ಬರೆದ ಎಂಟ್ರಿ ಇದ್ದರೆ ಎಚ್‌ಲೆಡ್ಜರ್ ಹಾಗೆ ತಾಳೆ ನೋಡುವುದಿಲ್ಲ. ಅಂಥ ಸಾಲನ್ನು ಬಿಡಲು ನಾವೇ ಒಂದು ರೂಲ್ ಬರೆದುಕೊಳ್ಳಬೇಕು.

ಗೂಗಲ್ ಶೀಟ್ಸ್‌ನಲ್ಲೂ ಲೆಕ್ಕ ಇಡಬಹುದಿತ್ತು, ಆದರೆ ಅದು ತಾನಾಗಿ ತರುವುದು ಮಾರ್ಕೆಟ್ ರೇಟು, ನಮಗೆ ಸಿಕ್ಕಿದ ರೇಟಲ್ಲ. ಅದನ್ನು ಬಿಟ್ಟೆ.

ಮಾರ್ಚ್ 31ಕ್ಕೆ ಡಾಲರಲ್ಲೇ ಉಳಿದ ಆದಾಯಕ್ಕೆ ನಮ್ಮ ಆಡಿಟರ್ ಎಸ್‌ಬಿಐ ಟಿಟಿ ಬೈಯಿಂಗ್ ರೇಟು (ಹೊರಗಿನಿಂದ ಬಂದ ಡಾಲರನ್ನು ಬ್ಯಾಂಕು ಕೊಳ್ಳುವ ರೇಟು) ಕೇಳುತ್ತಾರೆ. ಅದನ್ನು ತಾರೀಖಿನ ಸಮೇತ ಎರಡರಲ್ಲೂ ಬರೆದಿಡಬಹುದು.

ನನ್ನ ಕೆಲಸವೆಲ್ಲ ಟರ್ಮಿನಲ್‌ನಲ್ಲೇ. ರೂಲ್ಸ್ ಫೈಲ್ ಬರೆಯುವುದು ನನಗೆ ಭಾರ ಅನಿಸಲಿಲ್ಲ. ತಿಂಗಳಿಗೆ ಒಂದೇ ಇನ್‌ವಾಯ್ಸ್ ಇದ್ದು, ಕಮಾಂಡ್ ಬರೆಯುವ ಅಭ್ಯಾಸ ಇಲ್ಲದವರು ಗ್ನೂಕ್ಯಾಶ್ ಹಾಕಿಕೊಳ್ಳಿ. ರೂಪಾಯಿ ಮೊತ್ತ ಹಾಕುವುದನ್ನು ಮಾತ್ರ ಮರೆಯಬೇಡಿ.